ಉಪ್ಪಿನ ಆಗರಕ್ಕೆ ಮೂರು ಒಗಟು

"ಕೇಳಿರಪ್ಪೋ ಕೇಳಿ! ಉಪ್ಪಿನ ಆಗರಗಳು ದುಡಿಯುವವರ ಪಾಲಾಗಬೇಕೆಂದು ಕೆಲಸ ನಿಲ್ಲಿಸಿ ಕೂತಿದ್ದೀರಷ್ಟೆ? ಅರಸರು ಮೂರು ಒಗಟು ಕೇಳುತ್ತಾರೆ. ಬಿಡಿಸಿದರೆ ಆಗರಗಳೆಲ್ಲ ನಿಮ್ಮವು. ತಪ್ಪಿದವನ ತಲೆ ಅರಸರದು!"

ಡಂಗುರ ಕೇಳಿ ಮೊದಲು ಎದ್ದವನು ಉಪ್ಪು ಹೊರುವ ಸುಕ್ರುವಿನ ಅಣ್ಣ, ಬೀರ.

ಅರಸ ಕೇಳಿದ: "ಒಬ್ಬ ನನ್ನದೆಂದರೆ ಅವನದು, ಎಲ್ಲರೂ ಕಾದರೆ ಎಲ್ಲರದು, ಒಡೆದರೆ ಯಾರದೂ ಅಲ್ಲ. ಏನದು?"

"ನಿನ್ನ ಭಂಡಾರ! ಒಡೆದು ಹಂಚಿದರೆ ಮುಗೀತು," ಎಂದ ಬೀರ. ಸಂಜೆಗೆ ಅವನ ತಲೆ ಕೋಟೆಬಾಗಿಲ ಮೇಲಿತ್ತು.

ಆಮೇಲೆ ಹೋದವರು ಊರಿನ ಶಾಸ್ತ್ರಿಗಳು. ಅರಸನ ಮನಸ್ಸು ಒಲಿಸಿದರೆ ಸಾಕು, ಎಲ್ಲ ನಿಧಾನಕ್ಕೆ ಸರಿಹೋಗುತ್ತದೆ ಎನ್ನುತ್ತಿದ್ದವರು. ಅವರನ್ನು ಅರಸ ಬೇರೆಯದನ್ನೇ ಕೇಳಿದ: "ಕೊಟ್ಟವನಿಗೆ ಕಡಿಮೆಯಾಗದು, ಪಡೆದವನ ಹೊಟ್ಟೆ ತುಂಬದು. ಆದರೂ ಅವನು ಮುದುಕನಾಗುವತನಕ ಅದನ್ನೇ ನಂಬಿಕೊಂಡಿರುತ್ತಾನೆ."

"ವಿದ್ಯೆ, ಮಹಾಪ್ರಭು," ಎಂದರು ಶಾಸ್ತ್ರಿಗಳು. ಅವರ ತಲೆಯೂ ಹೋಯಿತು.

ಸುಕ್ರು ಹೊರಟಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಒಬ್ಬನನ್ನು ಕೊಟ್ಟಾಯ್ತಲ್ಲ ಮಗನೇ." ಅವನು ಅವಳ ಕೈ ಸರಿಸಿ ನಡೆದ.

ಅರಸನೆದುರು ನಿಂತು ಹೇಳಿದ: "ಮೊದಲನೆಯದು ಕಡಲಿಗೆ ಅಡ್ಡ ಕಟ್ಟಿದ ಒಡ್ಡು. ಒಡೆದರೆ ಆಗರವೆಲ್ಲ ಕಡಲ ಪಾಲು. ಅಣ್ಣನಿಗೂ ಗೊತ್ತಿತ್ತು, ಸಿಟ್ಟು ಯೋಚಿಸಗೊಡಲಿಲ್ಲ. ಎರಡನೆಯದು ಭರವಸೆ. ನಿಮ್ಮಜ್ಜ ನಮ್ಮಜ್ಜನಿಗೆ ಕೊಟ್ಟಿದ್ದು ಅದನ್ನೇ."

ಅರಸ ನಗುತ್ತ ಎದ್ದು ಅವನ ಹತ್ತಿರ ಬಂದ. "ಮೂರನೆಯದನ್ನು ಇನ್ನೂ ಯಾರನ್ನೂ ಕೇಳಿಲ್ಲ. ಒಡೆಯ ಹೋದರೂ ತಾನು ಹೋಗದು. ಖಾಲಿಯಿದ್ದರೂ ಜನ ಅದಕ್ಕೆ ಬಗ್ಗುತ್ತಾರೆ. ಏನದು?"

ಸುಕ್ರು ಸುತ್ತ ನೋಡಿದ. ಅರಸ ಇಲ್ಲಿ ನಿಂತಿದ್ದ. ಸಭೆಯವರು ಮಾತ್ರ ಅಲ್ಲಿಯ ಖಾಲಿ ಪೀಠದ ಕಡೆಗೇ ಕೈಮುಗಿದಿದ್ದರು.

"ಗದ್ದುಗೆ," ಎಂದ. "ಆಗರದ ಜೊತೆ ಅದನ್ನೂ ಕೊಡಿ. ಸುಡಬೇಕು."

"ಕೊಟ್ಟೆ. ಸುಡುವುದಾದರೆ ನಿನ್ನವರೇ ಸುಡಲಿ."

ಜನ ಕುಣಿಯುತ್ತ ಗದ್ದುಗೆಯನ್ನು ಆಗರಕ್ಕೆ ಹೊತ್ತು ತಂದರು. ಬೆಂಕಿ ಮಾತ್ರ ಯಾರೂ ತರಲಿಲ್ಲ. "ಒಡ್ಡಿಗೆ ಕಾವಲು ಹಾಕೋಕೆ, ಪಾಲು ಹಾಕೋಕೆ ಒಬ್ಬ ಬೇಡವಾ? ನೀನೇ ಕೂತ್ಕೋ," ಎಂದು ಸುಕ್ರುವನ್ನು ಎತ್ತಿ ಕೂರಿಸಿದರು. ಅವನು ಇಳಿದ. ಮತ್ತೆ ಕೂರಿಸಿದರು. ಹೊಸ ಉಪ್ಪು ಕೈಗೆ ಬರುವ ಹೊತ್ತಿಗೆ ಅವನು ಇಳಿಯುವುದನ್ನು ಬಿಟ್ಟಿದ್ದ.

ಪಾಲಿಗೆಂದು ಜನ ಸಾಲುಗಟ್ಟಿದರು. ಅವ್ವನ ಸರದಿ ಬಂತು. ಬುಟ್ಟಿ ಕೆಳಗಿಟ್ಟು ಕೈಮುಗಿದಳು.

"ಒಡೆಯಾ, ನನ್ನ ಪಾಲು."

"ಅವ್ವಾ, ನಾನು ಸುಕ್ರು."

"ಗೊತ್ತು ಒಡೆಯಾ," ಎಂದಳು ಅವಳು, ತಲೆ ಎತ್ತದೆ.