ಎರಡು ದಡದ ಪಂಡಿತ

"ಗುರುಗಳೇ, ಬಲ್ಲವನು ಬಾಯಿ ಬಿಡಬೇಕಾದದ್ದು ಯಾವಾಗ? ಎಲ್ಲ ತಿಳಿದ ಮೇಲೋ, ಯಾರಾದರೂ ಕೇಳಿದಾಗಲೋ?"

ಕೇಳಿದವನು ನೇಮಿರಾಜ, ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕ. ಎರಡು ದೇಶಗಳ ನಡುವಿನ ಕಡಲ ಗಡಿಯ ಬಗ್ಗೆ ಅವನಷ್ಟು ಓದಿದವರು ವಿರಳ. ಗಡಿ ದಾಟಿದರೆಂದು ಸೆರೆಯಾದ ಬೆಸ್ತರ ಬಿಡುಗಡೆಗೆ ಒಂದು ಸಮಿತಿ ಕೂತಿತ್ತು. ಮರುದಿನ ಅವನು ಅಲ್ಲಿ ಅಭಿಪ್ರಾಯ ಹೇಳಬೇಕಿತ್ತು. ಏನು ಹೇಳಬೇಕೆಂಬುದು ಗೊತ್ತಿತ್ತು. ಹೇಳಿದರೆ ಬರಲಿರುವ ಪ್ರೊಫೆಸರ್ ಹುದ್ದೆ ಕೈತಪ್ಪೀತು ಎಂಬುದೂ ಗೊತ್ತಿತ್ತು.

ಅವನಿಗೆ ಒಂದು ಕಾಲದಲ್ಲಿ ಪಾಠ ಹೇಳಿದ ಗುರುಗಳು ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು.

"ಇಷ್ಟೇ ತಾನೇ? ಕೂತುಕೋ. ಇಂಥ ಪ್ರಶ್ನೆಗಳನ್ನು ನಾನು ಹಲ್ಲುಜ್ಜುವಾಗಲೇ ಬಗೆಹರಿಸಿಬಿಡುತ್ತೇನೆ. ಒಂದು ಕತೆ ಹೇಳುತ್ತೇನೆ. ಕತೆಯೆಂದರೆ ಕತೆಯಲ್ಲ, ನಡೆದದ್ದು. ಒಂದಕ್ಷರ ಸುಳ್ಳಿದ್ದರೆ ನಾನು ಕಲಿತ ಶಾಸ್ತ್ರವೆಲ್ಲ ಮರೆತುಹೋಗಲಿ. ಅರ್ಧ ಆಗಲೇ ಮರೆತಿದೆ, ಅದು ವಯಸ್ಸಿನ ಕೆಲಸ, ಸುಳ್ಳಿನದಲ್ಲ."

ಗುರುಗಳು ಹೇಳಿದ್ದು ಇದು.

ಒಂದು ಹೊಳೆ. ಆ ದಡದಲ್ಲೊಬ್ಬ ರಾಜ, ಈ ದಡದಲ್ಲೊಬ್ಬ ರಾಜ. ಹೊಳೆಯ ಮೇಲೆ ವರ್ಷವಿಡೀ ಮಂಜು. ಎಂಥ ಮಂಜೆಂದರೆ, ಹೆಂಗಸರು ಒಗೆದ ಸೀರೆಯನ್ನು ಅದರ ಮೇಲೇ ಹರವುತ್ತಿದ್ದರು. ಈ ದಡದವರು ಅನ್ನಕ್ಕೆ ಒಲೆ ಹಚ್ಚಿದರೆ ಆ ದಡದವರಿಗೆ ಬರೀ ಕೆಂಪು ಕಾಣುತ್ತಿತ್ತು. ಕತ್ತಿ ಕಾಯಿಸುತ್ತಿದ್ದಾರೆ ಎಂದುಕೊಂಡು ಅವರು ಸೈನ್ಯ ಹೆಚ್ಚಿಸುತ್ತಿದ್ದರು. ಆ ಸೈನ್ಯಕ್ಕೂ ಅನ್ನ ಬೇಕಲ್ಲ, ಅಲ್ಲೂ ಒಲೆ ಹೆಚ್ಚುತ್ತಿತ್ತು. ಅದನ್ನು ಕಂಡು ಇವರು ಹೆಚ್ಚಿಸುತ್ತಿದ್ದರು.

ಒಬ್ಬ ಪಂಡಿತ ಈ ಹಗೆಯನ್ನೇ ತನ್ನ ವಿಷಯವಾಗಿ ಹಿಡಿದ. ಮೀಸೆ ಚಿಗುರುವಾಗ ಪ್ರಬಂಧ ಬರೆಯಲು ಕೂತವನು ಎದ್ದಾಗ ಮೀಸೆ ನರೆತಿತ್ತು. ಅವನ ವಿದ್ಯೆ ಎಷ್ಟು ಭಾರವೆಂದರೆ ಅವನು ಹತ್ತಿದೊಡನೆ ದೋಣಿ ಅಂಚಿನವರೆಗೆ ಇಳಿಯುತ್ತಿತ್ತು. ದೇಶದೇಶದ ಸಭೆಗಳಿಂದ ಕರೆ ಬಂತು. ಒಂದು ದೇಶದಲ್ಲಿ ಉಂಡು ಇನ್ನೊಂದು ದೇಶದಲ್ಲಿ ಕೈ ತೊಳೆಯುತ್ತಿದ್ದ. ಹೊದಿಸಿದ ಶಾಲುಗಳ ರಾಶಿಯ ಮೇಲೆ ಮೋಡಗಳು ಕೂತು ದಣಿವಾರಿಸಿಕೊಳ್ಳುತ್ತಿದ್ದವು. ಇಬ್ಬರು ರಾಜರೂ ಒಬ್ಬರಿಗಿಂತ ಒಬ್ಬರು ಮೇಲೆಂದು ಅವನಿಗೆ ಒಂದೊಂದು ಪೀಠ ಕೊಟ್ಟರು. ಎರಡೂ ದಡಕ್ಕೆ ಹೋಗಿ ಬರುವ ಅಪ್ಪಣೆ ಇದ್ದದ್ದು ಅವನೊಬ್ಬನಿಗೇ.

ಅವನ ಪ್ರತಿ ಲೇಖನವೂ ಒಂದೇ ವಾಕ್ಯದಲ್ಲಿ ಮುಗಿಯುತ್ತಿತ್ತು: 'ಈ ಬಗ್ಗೆ ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯ.' ಬಲ್ಲದ್ದಕ್ಕಿಂತ ಹೆಚ್ಚು ಹೇಳಬಾರದು ಎಂಬುದು ಆ ವಿದ್ಯೆಯ ಮರ್ಯಾದೆ. ಮರ್ಯಾದೆ ನಾಲಗೆಗೂ ಹತ್ತಿತು.

"ಸಾರಿಗೆ ಉಪ್ಪು ಸಾಕಾ, ನೋಡಿ ಹೇಳಿ" ಎಂದಳು ಹೆಂಡತಿ.

"ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯ" ಎಂದ ಪಂಡಿತ.

"ಮಾಡಿ, ಮಾಡಿ. ಅದು ಮುಗಿಯುವವರೆಗೆ ನಾನು ಎಲೆ ಹಾಕುವುದಿಲ್ಲ."

ಒಂದು ಬೆಳಗ್ಗೆ ಈ ದಡದ ರಾಜ ಅವನನ್ನು ಒಬ್ಬನೇ ಕರೆಸಿಕೊಂಡ. "ಪಂಡಿತರೇ, ನನಗೆ ಸಾಕಾಗಿದೆ. ನಾನು ಸೈನ್ಯವನ್ನು ಮನೆಗೆ ಕಳಿಸಿದರೆ ಅವನೂ ಕಳಿಸುತ್ತಾನೆಯೇ? ಸಂಜೆಯೊಳಗೆ ಒಂದೇ ಮಾತು ಹೇಳಿ. ನೀವು ಹೂಂ ಎನ್ನದಿದ್ದರೆ ನಾಳೆ ಅವನಿಗಿಂತ ಮುಂಚೆ ನಾನೇ ಹೊಳೆ ದಾಟಬೇಕಾಗುತ್ತದೆ" ಎಂದ.

ಮಧ್ಯಾಹ್ನ ಪಂಡಿತ ಆ ದಡಕ್ಕೆ ಹೋದ. ಆ ರಾಜನೂ ಬಾಗಿಲು ಮುಂದೆ ಮಾಡಿ ಅದನ್ನೇ ಕೇಳಿದ. ಅದೇ ದಣಿವು, ಅದೇ ಗಡುವು.

ಮೂರು ಲೋಕದಲ್ಲಿ ಇಬ್ಬರ ಮನಸ್ಸೂ ಬಲ್ಲವನು ಈಗ ಅವನೊಬ್ಬನೇ.

ಸಂಜೆ ದೋಣಿ ನಡುಹೊಳೆಗೆ ಬಂತು. ಎರಡು ದಡದಲ್ಲೂ ರಾಜರು ಕಾಯುತ್ತ ನಿಂತಿದ್ದರು. ಮಂಜು ದೋಣಿಯೊಳಗೆ ಬಂದು ಅವನ ಪಕ್ಕದಲ್ಲಿ ಕೂತಿತು, ಹಳೆಯ ಪರಿಚಯದವರಂತೆ. ಅವನು ಬರೆದ ಹಾಳೆಗಳು ಬಾತುಗಳಾಗಿ ನೀರಿನ ಮೇಲೆ ತೇಲಿ ಬಂದವು. ಹಿಂದೆ ಮರಿಗಳ ಸಾಲು, ಅವು ಅಡಿಟಿಪ್ಪಣಿಗಳು. ಎಷ್ಟು ಚೆಂದ ಈಜುತ್ತವೆ ಎಂದುಕೊಂಡ. ಹಗೆ ಮುಗಿದರೆ ಇವಕ್ಕೆ ಕಾಳು ಹಾಕುವವರು ಯಾರು? ಹಗೆಯಿಲ್ಲದ ಕಡೆ ಹಗೆಯ ಪೀಠಕ್ಕೇನು ಕೆಲಸ? ಒಂದು ವೇಳೆ ತನ್ನ ಮಾತು ತಪ್ಪಾದರೆ ಹೆಸರೇನಾದೀತು? ಆ ಒಂದು ವಾಕ್ಯ ನಾಲಗೆಯ ತುದಿಗೆ ಬಂದು ಸುಖವಾಗಿ ಮಲಗಿತು. ಹುಟ್ಟು ನಿಂತಿತ್ತು. ದೋಣಿ ಹೋಗುತ್ತಿದೆಯೋ ನಿಂತಿದೆಯೋ ತಿಳಿಯಲಿಲ್ಲ. ಹೀಗೇ ಇದ್ದುಬಿಟ್ಟರೆ ಎಷ್ಟು ಹಿತ ಎನಿಸಿತು.

ಆಗ ಪಂಡಿತ ದೋಣಿಯಲ್ಲಿ ಎದ್ದು ನಿಂತ. ಎರಡೂ ದಡಕ್ಕೆ ಕೇಳುವಂತೆ ಕೂಗಿದ: "ಕಳಿಸುತ್ತಾನೆ! ಅವನೂ ಕಳಿಸುತ್ತಾನೆ!"

ಕೂಗಿನ ರಭಸಕ್ಕೆ ಮಂಜು ಹಳೇ ಪಂಚೆಯಂತೆ ಪರ್‍ರೆಂದು ಹರಿಯಿತು. ಎರಡು ಸೈನ್ಯದವರೂ ಮೊದಲ ಬಾರಿ ಒಬ್ಬರ ಮುಖ ಒಬ್ಬರು ಕಂಡರು. ಎರಡೂ ಕಡೆ ಸೌಟು ಹಿಡಿದು ಅನ್ನ ತಿರುವುತ್ತಿದ್ದರು. ಆ ದಡದವರು ನಗಲು ಶುರುಮಾಡಿದ ನಗೆಯನ್ನು ಈ ದಡದವರು ಮುಗಿಸಿದರು. ಬೆಳಗಾಗುವಾಗ ಒಬ್ಬ ಸೈನಿಕನೂ ಉಳಿದಿರಲಿಲ್ಲ. ಎರಡು ಪೀಠಗಳನ್ನೂ ಬಡಗಿಗಳು ಬಿಚ್ಚಿ ತೊಟ್ಟಿಲು ಮಾಡಿದರು. ಅವುಗಳಲ್ಲಿ ಮಲಗಿದ ಮಕ್ಕಳು ಎಂದೂ ರಚ್ಚೆ ಹಿಡಿಯಲಿಲ್ಲ. ಪಂಡಿತನಿಗೆ ವಿಷಯವೂ ಇಲ್ಲ, ಶಿಷ್ಯರೂ ಇಲ್ಲ. ಮನೆಗೆ ಹೋಗಿ ಸಾರಿನ ರುಚಿ ನೋಡಿ, "ಉಪ್ಪು ಕಡಿಮೆ" ಎಂದ. ಹೆಂಡತಿ ಎಲೆ ಹಾಕಿದಳು.

ಗುರುಗಳು ಕಡಲೆಬೀಜ ಬಾಯಿಗೆ ಹಾಕಿಕೊಂಡರು. ನೇಮಿರಾಜನ ಮುಖ ಅರಳಿತ್ತು.

"ಗುರುಗಳೇ, ಆ ಎರಡು ಊರುಗಳನ್ನು ನಾನೊಮ್ಮೆ ಕಣ್ಣಾರೆ ನೋಡಬೇಕು. ಈಗೆಲ್ಲಿವೆ?"

ಗುರುಗಳು ಕಡಲೆಕಾಯಿ ಸಿಪ್ಪೆಗಳನ್ನು ಒಟ್ಟುಮಾಡುತ್ತ ಹೇಳಿದರು:

"ಅವನು ಎದ್ದು ನಿಂತು ಕೂಗಿದ ಎಂದೆನಲ್ಲ ನೇಮಿ, ಅದೊಂದು ಮಾತ್ರ ನಾನು ಸೇರಿಸಿದ್ದು."