ಅಂಜುವ ಸಿಪಾಯಿ

"ಗುರುಗಳೇ, ಜಗಳ ಹತ್ತಿದ ಊರಿಗೆ ರಾಜಿ ಮಾಡಿಸಲು ನನ್ನನ್ನು ಕಳಿಸುತ್ತಿದ್ದೀರಿ. ನನಗೋ ಈಗಲೇ ಓಡಿಹೋಗಬೇಕೆನಿಸುತ್ತಿದೆ. ಹೋಗುವ ಮೊದಲು ಈ ಅಂಜಿಕೆಯನ್ನು ಕಳೆದುಕೊಳ್ಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದೂರಲ್ಲಿ ಒಬ್ಬ ನೇಕಾರನಿದ್ದ. ಸುಗ್ಗಿ ಮುಗಿದ ಮೇಲೆ ಆ ಊರವರು ಯುದ್ಧದ ಆಟ ಆಡುತ್ತಿದ್ದರು. ಅದರಲ್ಲಿ ಅಂಜುವ ಸಿಪಾಯಿಯ ಪಾತ್ರ ಯಾವಾಗಲೂ ಇವನಿಗೇ. ಕಹಳೆ ಊದಿದೊಡನೆ ಸಿಪಾಯಿ ರಂಗದಿಂದ ಹಾರಿ ನೋಡುವವರ ನಡುವೆ ಅಡಗಬೇಕು. ಯಾರ ಪಕ್ಕ ಕೂತನೋ ಅವರು ಅವನನ್ನು ಮುಚ್ಚಿಟ್ಟುಕೊಳ್ಳಬೇಕು. ಅದು ಅಲ್ಲಿಯ ಪದ್ಧತಿ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನೇಕಾರನಿಗೆ ಮಾತ್ರ ನಾಚಿಕೆ. ಮೀಸೆ ಬಂದ ಮಗನೆದುರು ಎಷ್ಟು ವರ್ಷ ಓಡುವುದು? ತನಗೂ ಒಮ್ಮೆ ಸೇನಾಪತಿಯ ವೇಷ ಕೊಡಿ ಎಂದು ಬೇಡಿಕೊಂಡ. ಕೊಡಲಿಲ್ಲ. ವೇಷ ಹಾಕಿದರೆ ಧೈರ್ಯವೂ ಬರುತ್ತದೆ ಎಂದು ಅವನ ಲೆಕ್ಕ, ಪಾಪ.

ಒಂದು ವರ್ಷ ಎಮ್ಮೆ ಹಾಯುವ ದಾರಿಗಾಗಿ ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಹಗೆ ಬೆಳೆಯಿತು. ಹುಡುಗರು ಕಂಬಳಿಯೊಳಗೆ ದೊಣ್ಣೆ ಇಟ್ಟುಕೊಂಡೇ ಆಟಕ್ಕೆ ಬಂದು ಎರಡು ಕಡೆ ಕೂತರು. ರಂಗದ ಮೇಲೆ ಸೇನಾಪತಿ "ಕೊಲ್ಲಿರಿ!" ಎಂದು ಅಬ್ಬರಿಸಿದ. ಹುಡುಗರೂ ಅಬ್ಬರಿಸಿ ಎದ್ದರು. ಮೇಲಿನ ಕೇರಿಯವರಿಗೆ ಮುಂದಾಳಾಗಿ ದೊಣ್ಣೆ ಎತ್ತಿ ನಿಂತವನು ನೇಕಾರನ ಮಗ.

ನೇಕಾರನಿಗೆ ಜೀವ ಬಾಯಿಗೆ ಬಂತು. ಕಹಳೆಗೂ ಕಾಯದೆ ಹಾರಿದ. ಪ್ರತಿ ವರ್ಷ ತನ್ನ ಕೇರಿಯವರ ನಡುವೆ ಅಡಗುತ್ತಿದ್ದವನು ದಿಕ್ಕು ತಪ್ಪಿ ಕೆಳಗಿನ ಕೇರಿಯವರ ನಡುವೆ ಬಿದ್ದ. ಪದ್ಧತಿ ಬಿಡಲಾರದೆ ಒಬ್ಬ ಮುದುಕಿ ಅವನಿಗೆ ಸೆರಗು ಹೊದಿಸಿದಳು.

"ಎವ್ವಾ, ನಂಗ ಖರೇನ ಅಂಜಿಕಿ ಆಗೇತಿ. ನನ್ನ ಮಗ ಸತ್ತಾನು" ಎಂದು ಅವನು ಅತ್ತ.

"ನನ್ನ ಮೊಮ್ಮಗನೂ ಅಲ್ಲೇ ನಿಂತಾನೋ ಎಪ್ಪಾ" ಎಂದು ಮುದುಕಿಯೂ ಅತ್ತಳು.

ಅಪ್ಪ ಏಳದ್ದನ್ನು ಕಂಡು ಮಗ ಓಡಿ ಬಂದ. ಯಾರೂ ತಡೆಯಲಿಲ್ಲ. ನಡುಗುವ ಮನುಷ್ಯನನ್ನು ಎತ್ತಲು ಎರಡೂ ಕೈ ಬೇಕು. ಅವನು ದೊಣ್ಣೆ ಕೆಳಗಿಟ್ಟ. ಮುದುಕಿಯ ಮೊಮ್ಮಗ ತನ್ನದನ್ನೂ ಕೆಳಗಿಟ್ಟು ಇನ್ನೊಂದು ತೋಳು ಹಿಡಿದ. ಉಳಿದವರು ಒಬ್ಬೊಬ್ಬರಾಗಿ ಕೂತರು. ದಾರಿಯ ಮಾತನ್ನು ಮರುದಿನ ಎರಡೂ ಕೇರಿಯ ಹಿರಿಯರು ಸೇರಿ ಬಗೆಹರಿಸಿದರು.

ಶಿಷ್ಯ, "ಹಾಗಾದರೆ ನನ್ನಂಥ ಅಂಜುಬುರುಕನೂ ಹೋಗಬಹುದೇ?" ಎಂದ.

"ಅಂಜದವರು ಈ ಮಠದಲ್ಲಿ ಬೇಕಾದಷ್ಟು ಜನ ಇದ್ದಾರಪ್ಪ, ನಾನು ಹುಡುಕಿ ಆರಿಸಿದ್ದು ನಿನ್ನನ್ನು" ಎಂದರು ಗುರು.