ಬಿಳುಪಾಗದ ಕೊಕ್ಕೆ

“ಬುದ್ಧೀ, ನನ್ನ ಅಣ್ಣನನ್ನು ಕೊಂದವನು ಜೈಲಿನಿಂದ ಬಿಡುಗಡೆಯಾಗಿ ಊರಿಗೆ ಬಂದಿದ್ದಾನಂತೆ. ಹೋಗಿ ಅವನನ್ನು ಕಂಡು ಬರಲೇ? ಹನ್ನೆರಡು ವರ್ಷದಿಂದ ಮಠದಲ್ಲಿದ್ದೇನೆ. ನನ್ನಲ್ಲಿ ಕೋಪ ಉಳಿದಿಲ್ಲ” ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಹಸಿರು ಪ್ಲಾಸ್ಟಿಕ್ ಕೊಕ್ಕೆ ಮಾಡುವ ಕಾರ್ಖಾನೆಯಲ್ಲಿ ಒಬ್ಬ ಪರೀಕ್ಷಕನಿದ್ದ. ಎತ್ತರದ ಗೋಡೆಗಳಿಗೆ ಬಣ್ಣ ಬಳಿಯುವವರು ಸೊಂಟದ ಹಗ್ಗವನ್ನು ಆ ಕೊಕ್ಕೆಗೆ ಸಿಕ್ಕಿಸಿ ನೇತಾಡುತ್ತಿದ್ದರು. ಪರೀಕ್ಷಕ ಅದೇ ಪ್ಲಾಸ್ಟಿಕ್ಕಿನ ಎರಡು ಪಟ್ಟಿಗಳನ್ನು ಯಂತ್ರಕ್ಕೆ ಕಚ್ಚಿಸಿ ಎಳೆಯಬೇಕು. ಒಂದು ಇಡಿಯಾದದ್ದು, ಅದು ಎಷ್ಟು ಭಾರಕ್ಕೆ ಸೋತು ಹಿಗ್ಗತೊಡಗುತ್ತದೆ ಎಂದು ನೋಡುವುದು. ಇನ್ನೊಂದಕ್ಕೆ ಬ್ಲೇಡಿನಿಂದ ಗೀರು ಹಾಕಿ, ಎಷ್ಟಕ್ಕೆ ಸೀಳುತ್ತದೆ ಎಂದು ನೋಡುವುದು. ಎರಡನ್ನೂ ಒಂದೇ ವೇಗದಲ್ಲಿ ಎಳೆಯಬೇಕೆಂಬುದು ಆ ಕೆಲಸದ ನೇಮ.

ಗೀರಿನ ಪಟ್ಟಿಯನ್ನು ಎಳೆದ ವೇಗದಲ್ಲೇ ಇಡಿಯಾದ ಪಟ್ಟಿಯನ್ನೂ ಎಳೆದ. ಅದು ಹಿಗ್ಗದೆಯೇ ಫಟ್ಟೆಂದು ಮುರಿಯಿತು. ಪರೀಕ್ಷಕ ಮತ್ತೊಂದು ಹಾಕಿದ, ಅದೂ ಹಾಗೆಯೇ. ಹಿಗ್ಗದಿದ್ದರೆ ಬರೆಯಲು ಅಂಕಿಯಿಲ್ಲ. ಆ ಸದ್ದನ್ನು ಇನ್ನೊಮ್ಮೆ ಕೇಳುವ ಧೈರ್ಯವೂ ಅವನಿಗಿರಲಿಲ್ಲ. ಯಂತ್ರವನ್ನು ನಿಧಾನ ಮಾಡಿದ. ಈಗ ಪಟ್ಟಿ ಮೆಲ್ಲಗೆ ಬಿಳುಪಾಯಿತು, ಹಿಗ್ಗಿತು, ಮುರಿಯಲಿಲ್ಲ. ‘ಮುರಿಯುವ ಮುನ್ನ ಬಿಳುಪಾಗಿ ಎಚ್ಚರಿಸುತ್ತದೆ’ ಎಂದು ಬರೆದು ಸಹಿ ಹಾಕಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರಿಗೂ ತಿಳಿಯದು ಎಂದುಕೊಂಡ. ಅವನು ಬರೆದ ಮಾತು ಬಣ್ಣದವರ ತನಕ ಹೋಯಿತು.

ಕೆಲವು ದಿನಗಳ ಮೇಲೆ ಕಾರ್ಖಾನೆಯ ಗೋಡೆಗೇ ಬಣ್ಣ ಬಳಿಯಲು ಒಬ್ಬ ಬಂದ. ಹೊಸ ಕೊಕ್ಕೆಗೆ ಹಗ್ಗ ಸಿಕ್ಕಿಸಿಕೊಂಡು, ಕೆಳಗೆ ನಿಂತಿದ್ದ ಪರೀಕ್ಷಕನನ್ನು ಕೇಳಿದ: “ಅಣ್ಣಾ, ಇದು ಬೆಳ್ಳಗಾದ ಕೂಡ್ಲೇ ಇಳಿದ್ಬಿಟ್ರೆ ಸಾಕಲ್ವಾ?”

ಈಗಲೇ ಇಳಿ ಎಂದರೆ ತಾನು ಬರೆದದ್ದು ಸುಳ್ಳೆಂದು ಒಪ್ಪಿಕೊಂಡಂತೆ.

“ಸಾಕು” ಎಂದ.

ಹೇಳಿದ ಮೇಲೆ ಅಲ್ಲಿಂದ ಕಾಲು ಕೀಳಲು ಆಗಲಿಲ್ಲ. ಕತ್ತೆತ್ತಿ ಕೊಕ್ಕೆಯನ್ನೇ ನೋಡುತ್ತ ನಿಂತ. ಮಧ್ಯಾಹ್ನದವರೆಗೂ ಕೊಕ್ಕೆ ಹಸಿರಾಗಿಯೇ ಇತ್ತು. ಆಮೇಲೆ ಬಣ್ಣದವನ ಕಾಲು ಜಾರಿತು. ಹಗ್ಗ ಒಮ್ಮೆಗೇ ಜಗ್ಗಿತು. ಬಿಳುಪಾಗಲು ಕೊಕ್ಕೆಗೆ ಪುರಸೊತ್ತು ಸಿಗಲಿಲ್ಲ. ಬಣ್ಣದವನು ಬಿದ್ದು ಸತ್ತ.

ಕತೆ ಮುಗಿಸಿ ಗುರುಗಳು ಹೇಳಿದರು: “ಚೆನ್ನವೀರಾ, ಹನ್ನೆರಡು ವರ್ಷ ನಿನ್ನನ್ನು ನಿಧಾನವಾಗಿ ಎಳೆದು ನೋಡಿದವನು ನಾನು. ಅಣ್ಣನನ್ನು ಕೊಂದವನ ಮುಖ ಕಂಡರೆ ಹಗ್ಗ ಒಮ್ಮೆಗೇ ಜಗ್ಗಿದಂತೆ. ನೀನು ಹೊರಟು ನಿಂತರೆ ನನಗೆ ಹೆದರಿಕೆಯಾಗುತ್ತದೆ.”